ಕಂಪ್ಯೂಟರಿನೊಳಗಣ ವಾದ್ಯಗಳು: ಹೊಸ ಸಂಯೋಜಕರು ಆರಿಸಿಕೊಳ್ಳುವ ಬಗೆ

ಶಾಲೆಯ ವಾರ್ಷಿಕೋತ್ಸವಕ್ಕೆಂದು ತಾನೇ ಒಂದು ಹಾಡಿಗೆ ರಾಗ ಕೂಡಿಸಿ, ಅದಕ್ಕೆ ಕೊಳಲು, ಪಿಟೀಲು, ಮೃದಂಗಗಳ ಹಿಮ್ಮೇಳವನ್ನೂ ಒದಗಿಸಬೇಕೆಂದು ಹೊರಟ ವಿದ್ಯಾರ್ಥಿಗೆ ಹಿಂದಿನ ಕಾಲದಲ್ಲಿ ಮೂವರು ವಾದ್ಯಗಾರರ ಮನೆಬಾಗಿಲು ತಟ್ಟದೆ ಗತ್ಯಂತರವಿರಲಿಲ್ಲ. ಇಂದು ಆತನು ಒಂದು ಕಂಪ್ಯೂಟರಿನ ಮುಂದೆ ಕುಳಿತು, ಪುಟ್ಟದೊಂದು ಕೀಬೋರ್ಡಿನ ಮೇಲೆ ಬೆರಳಾಡಿಸಿ, ಅರುವತ್ತು ಪಿಟೀಲುಗಳ ಮೇಳವನ್ನೇ ಎಬ್ಬಿಸಬಲ್ಲನು. ಸೌಕರ್ಯವೇನೋ ದೊಡ್ಡದು, ಅದರೊಡನೆ ಬಂದಿರುವ ಗೊಂದಲವೂ ಅಷ್ಟೇ ದೊಡ್ಡದು. ಈ ವಿಷಯವಾಗಿ ನಮ್ಮನ್ನು ವಿಚಾರಿಸಿದ ಮಕ್ಕಳೆಲ್ಲರೂ ಬಹುಮಟ್ಟಿಗೆ ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ: “ಯಾವುದನ್ನು ಕೊಂಡರೆ ಒಳ್ಳೆಯದು?” ಕೊಳ್ಳುವುದಕ್ಕೆ ಮುಂಚೆ ಆ ವಸ್ತು ಏನು, ಅದರಿಂದ ಏನಾಗುವುದು, ಏನಾಗದು ಎಂಬುದನ್ನು ಅರಿತರೆ ಪ್ರಶ್ನೆಯ ಅರ್ಧ ತಾನಾಗಿಯೇ ಬಿಡಿಸಿಕೊಳ್ಳುವುದೆಂದು ನಮಗೆ ತೋರುತ್ತದೆ. ಆದುದರಿಂದ ಈ ಲೇಖನ.

ನಿಜವಾದ ವಾದ್ಯದ ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ ಧ್ವನಿಮುದ್ರಿಸಿಟ್ಟು, ಬೇಕಾದಾಗ ಕೀಬೋರ್ಡಿನ ಒಂದು ಮನೆಯನ್ನೊತ್ತಿದೊಡನೆ ಆ ಸ್ವರವು ಹೊಮ್ಮುವಂತೆ ಮಾಡುವುದೇ ಇದರ ಮೂಲತತ್ತ್ವ. ಹಾಗೆ ಮುದ್ರಿಸಿದ ತುಣುಕಿಗೆ ಸ್ಯಾಂಪಲ್ ಎಂದು ಹೆಸರು; ಅಂಥ ತುಣುಕುಗಳ ಸಂಗ್ರಹವೇ ಸ್ಯಾಂಪಲ್ ಲೈಬ್ರರಿ. ನಾವು ಇದನ್ನು ನಾದಭಂಡಾರವೆಂದು ಕರೆಯೋಣ. ಈ ಕಲ್ಪನೆ ಕಂಪ್ಯೂಟರಿಗಿಂತ ಮೊದಲೇ ಹುಟ್ಟಿತು. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಮೆಲ್ಲೊಟ್ರಾನ್ ಎಂಬ ಯಂತ್ರದಲ್ಲಿ ಒಂದೊಂದು ಮನೆಯ ಕೆಳಗೂ ಒಂದೊಂದು ಕಾಂತಪಟ್ಟಿಯ ಟೇಪು ಇರುತ್ತಿತ್ತು; ಒತ್ತಿದರೆ ಟೇಪು ಸರಿದು ಕೊಳಲಿನ ಇಲ್ಲವೆ ಪಿಟೀಲಿನ ಸ್ವರ ಕೇಳುತ್ತಿತ್ತು; ಸುಮಾರು ಎಂಟು ಸೆಕೆಂಡುಗಳಾಗುತ್ತಲೇ ಟೇಪು ಮುಗಿದು ಸ್ವರವೂ ನಿಂತುಹೋಗುತ್ತಿತ್ತು. 1979ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಿಂದ ಬಂದ ಫೇರ್‌ಲೈಟ್ ಯಂತ್ರವು ಟೇಪನ್ನು ಬಿಟ್ಟು ಅಂಕೆಗಳ ರೂಪದಲ್ಲಿ ನಾದವನ್ನು ಹಿಡಿದಿಟ್ಟಿತು. 1983ರಲ್ಲಿ ಮಿಡಿ ಎಂಬ ಒಪ್ಪಂದವೇರ್ಪಟ್ಟು, ಒಬ್ಬರು ಮಾಡಿದ ಕೀಬೋರ್ಡಿನ ಆಜ್ಞೆಯನ್ನು ಮತ್ತೊಬ್ಬರ ಯಂತ್ರವು ತಿಳಿದುಕೊಳ್ಳುವಂತಾಯಿತು. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯವರು 1996ರಲ್ಲಿ ವಿ.ಎಸ್.ಟಿ. ಎಂಬ ಜೋಡಣೆಯ ಕ್ರಮವನ್ನು ಹೊರತಂದು, 1999ರಲ್ಲಿ ಅದಕ್ಕೆ ವಾದ್ಯಗಳನ್ನೂ ಸೇರಿಸಿದ ಮೇಲೆ, ಹೊರಗಿದ್ದ ಪೆಟ್ಟಿಗೆಗಳೆಲ್ಲ ಕಂಪ್ಯೂಟರಿನ ಒಳಹೊಕ್ಕವು. ಇವೇ ವರ್ಚುವಲ್ ವಾದ್ಯಗಳು.

ಎಲ್ಲ ವರ್ಚುವಲ್ ವಾದ್ಯಗಳೂ ನಾದಭಂಡಾರಗಳಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡತಕ್ಕದ್ದು. ಸಿಂಥಸೈಜರ್ ಎಂಬುದು ಯಾವ ಮುದ್ರಿಕೆಯ ಹಂಗೂ ಇಲ್ಲದೆ ಗಣಿತದಿಂದಲೇ ನಾದವನ್ನು ಸೃಷ್ಟಿಸುತ್ತದೆ. ಇನ್ನೊಂದು ಬಗೆಯಲ್ಲಿ, ತಂತಿಯು ಹೇಗೆ ಕಂಪಿಸುತ್ತದೆ, ಮರದ ಹಲಗೆ ಹೇಗೆ ಅನುರಣಿಸುತ್ತದೆ ಎಂಬ ಭೌತಶಾಸ್ತ್ರವನ್ನೇ ಲೆಕ್ಕಹಾಕಿ ವಾದ್ಯವನ್ನು ಅನುಕರಿಸುತ್ತಾರೆ. 2006ರಲ್ಲಿ ಫ್ರಾನ್ಸಿನಿಂದ ಬಂದ ಪಿಯಾನೊಟೆಕ್ ಇದಕ್ಕೆ ಉದಾಹರಣೆ. ಇವೆರಡೂ ಡಿಸ್ಕಿನಲ್ಲಿ ಅತಿ ಕಡಮೆ ಜಾಗವನ್ನು ಬೇಡುತ್ತವೆ. ನಾದಭಂಡಾರವಾದರೋ ಜಾಗವನ್ನು ನುಂಗುವ ಕುಂಭಕರ್ಣ.

ಏಕೆ ಹಾಗೆ? ಒಂದು ಉಚಿತ ಭಂಡಾರವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅಲೆಕ್ಸಾಂಡರ್ ಹೋಮ್ ಎಂಬುವರು ಯಮಾಹಾ ಸಿ5 ಪಿಯಾನೊವನ್ನು ಮುದ್ರಿಸಿ ಲೋಕಕ್ಕೆ ಬಿಟ್ಟಿರುವ ‘ಸಲಮಾಂಡರ್ ಗ್ರ್ಯಾಂಡ್ ಪಿಯಾನೊ’ ಇದೆ. ಪಿಯಾನೊದಲ್ಲಿ 88 ಮನೆಗಳು. ಪ್ರತಿಯೊಂದನ್ನೂ ಮುದ್ರಿಸದೆ ಮೂರು ಮನೆಗೊಂದರಂತೆ ಮುದ್ರಿಸಿದ್ದಾರೆ. ಹಾಗಾಗಿ 30 ಸ್ವರಗಳು. ನಡುವಣ ಎರಡು ಮನೆಗಳನ್ನು ಪಕ್ಕದ ಸ್ವರವನ್ನೇ ತುಸು ಏರಿಸಿ ಇಳಿಸಿ ತುಂಬುತ್ತಾರೆ. ಆದರೆ ಮೆಲ್ಲನೆ ಒತ್ತಿದಾಗಿನ ಪಿಯಾನೊ ನಾದಕ್ಕೂ ಬಲವಾಗಿ ಒತ್ತಿದಾಗಿನ ನಾದಕ್ಕೂ ಗಾತ್ರದಲ್ಲಿ ಮಾತ್ರವಲ್ಲ, ಬಣ್ಣದಲ್ಲಿಯೂ ಭೇದವುಂಟು. ಅದಕ್ಕಾಗಿ ಪ್ರತಿ ಸ್ವರವನ್ನೂ 16 ಬಲದ ಹಂತಗಳಲ್ಲಿ ಮುದ್ರಿಸಲಾಗಿದೆ. ಅಲ್ಲಿಗೆ 480 ಮುದ್ರಿಕೆಗಳಾದವು. ಒಂದೊಂದು ಸರಾಸರಿ 20 ಸೆಕೆಂಡು ಎಂದಿಟ್ಟುಕೊಂಡರೆ, ಸೆಕೆಂಡಿಗೆ 48,000 ಮಾದರಿಗಳಂತೆ, 24 ಬಿಟ್ಟಿನ ಎರಡು ಕಾಲುವೆಗಳಲ್ಲಿ ಸುಮಾರು 2.75 ಗಿಗಾಬೈಟು. ಇದು ಒಂದೇ ವಾದ್ಯದ ಮಾತು. ಪಿಟೀಲಿಗೆ ಬಂದರೆ ಎಳೆದು ನುಡಿಸುವುದು, ಕಡಿದು ನುಡಿಸುವುದು, ಬೆರಳಿನಿಂದ ಮೀಟುವುದು ಎಂದು ಒಂದೊಂದು ನುಡಿಸುವ ರೀತಿಗೂ ಬೇರೆ ಬೇರೆ ಮುದ್ರಿಕೆ ಬೇಕು. ಒಂದೇ ಪೆಟ್ಟನ್ನು ಮತ್ತೆ ಮತ್ತೆ ಕೇಳಿಸಿದರೆ ಹೊಲಿಗೆಯಂತ್ರದ ಸದ್ದಿನಂತಾಗುವುದರಿಂದ, ಒಂದೇ ಸ್ವರವನ್ನು ನಾಲ್ಕಾರು ಸಲ ಮುದ್ರಿಸಿ ಸರತಿಯಂತೆ ನುಡಿಸುವ ಏರ್ಪಾಡೂ ಬೇಕು. ಇದಕ್ಕೆ ರೌಂಡ್ ರಾಬಿನ್ ಎಂದು ಹೆಸರು. ಮೇಲಾಗಿ ಹತ್ತಿರದ ಮೈಕು, ದೂರದ ಮೈಕು ಎಂದು ಪ್ರತ್ಯೇಕ ಮುದ್ರಿಕೆಗಳು. ಹೀಗೆ ಗುಣಿಸುತ್ತ ಹೋದರೆ ಪೂರ್ಣ ವಾದ್ಯವೃಂದದ ಭಂಡಾರವು ನೂರಾರು ಗಿಗಾಬೈಟುಗಳಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ನಮಗೆ ಪರಿಚಿತರಾದ ತಂದೆಯೊಬ್ಬರು ಮಗನ ಆಸಕ್ತಿಯನ್ನು ಕಂಡು, ಮನೆಯ ಇನ್ನೊಂದು ಖರ್ಚನ್ನು ಮುಂದೂಡಿ, ಹೆಸರುವಾಸಿಯಾದ ಒಂದು ದೊಡ್ಡ ಭಂಡಾರವನ್ನು ಕೊಡಿಸಿದರು. ಅದನ್ನು ಇಳಿಸಿಕೊಳ್ಳುವುದಕ್ಕೆ ಮೂರು ರಾತ್ರಿ ಹಿಡಿಯಿತು. ಹುಡುಗನ ಕಂಪ್ಯೂಟರಿನಲ್ಲಿದ್ದುದು ನಾಲ್ಕು ಗಿಗಾಬೈಟಿನ ಮೆಮೊರಿ. ಪಿಟೀಲಿನ ವಿಭಾಗವನ್ನು ತೆರೆಯುವಷ್ಟರಲ್ಲಿಯೇ ಯಂತ್ರವು ಸ್ತಬ್ಧವಾಯಿತು. ಇಳಿಸಿಕೊಂಡ ಮೇಲೆ ಹಣ ಹಿಂದಿರುಗಿಸುವ ಪದ್ಧತಿಯಿಲ್ಲವೆಂದು ಮಾರಿದವರು ತಿಳಿಸಿದರು. ಕರಾರಿನಲ್ಲಿ ಹಾಗೆಯೇ ಬರೆದಿತ್ತು, ಯಾರೂ ಓದಿರಲಿಲ್ಲ. ಹುಡುಗನು ತಂದೆಯ ಮುಖವನ್ನು ನೋಡಲಾರದೆ ಕೆಲವು ತಿಂಗಳು ಸಂಗೀತದ ಮಾತನ್ನೇ ಎತ್ತಲಿಲ್ಲ. ಭಂಡಾರ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಅದರ ಜಾಹೀರಾತಿನ ಹಾಡನ್ನು ಕಟ್ಟಿದವರು ಪಳಗಿದ ಸಂಯೋಜಕರು, ಅವರ ಯಂತ್ರ ಬೇರೆ, ಅವರು ಬೆರೆಸಿದ ಅನುರಣನ ಬೇರೆ. ಆದುದರಿಂದ ಮೊದಲು ನೋಡತಕ್ಕದ್ದು ಭಂಡಾರದ ಕೀರ್ತಿಯನ್ನಲ್ಲ, ತನ್ನ ಯಂತ್ರದ ಮೆಮೊರಿಯನ್ನೂ ಡಿಸ್ಕಿನ ಜಾಗವನ್ನೂ. ತಿರುಗುವ ಹಳೆಯ ಹಾರ್ಡ್ ಡಿಸ್ಕಿಗಿಂತ ಎಸ್.ಎಸ್.ಡಿ. ಇದ್ದರೆ ಸ್ವರಗಳು ಬೇಗ ಬರುತ್ತವೆ. ಜಾಹೀರಾತಿನ ಹಾಡಿಗೆ ಮರುಳಾಗದೆ, ಒಂದೇ ವಾದ್ಯವನ್ನು ಬೇರೇನೂ ಬೆರೆಸದೆ ಬಿಡಿಯಾಗಿ ನುಡಿಸಿ ತೋರಿಸಿದ ಭಾಗವಿದ್ದರೆ ಅದನ್ನು ಹುಡುಕಿ ಕೇಳಬೇಕು.

ಇಷ್ಟು ಯಂತ್ರದ ಮಾತಾಯಿತು. ಆದರೆ ನಮ್ಮ ಮಕ್ಕಳಿಗೆ ಇದಕ್ಕಿಂತ ಮುಖ್ಯವಾದುದೂ, ಮಾರುವವರು ಯಾರೂ ಹೇಳದೆ ಇರುವುದೂ ಆದ ಮಾತು ಬೇರೊಂದಿದೆ.

ನಮ್ಮ ನಾಡಿನಲ್ಲಿ ಕೀಬೋರ್ಡಿನ ಜಗಳ ಹೊಸದಲ್ಲ. 1940ರ ಮಾರ್ಚಿ 1ರಿಂದ ಆಕಾಶವಾಣಿಯು ಹಾರ್ಮೋನಿಯಂ ವಾದ್ಯವನ್ನು ತನ್ನ ಪ್ರಸಾರಗಳಿಂದ ಹೊರಗಿಟ್ಟಿತು; ಆ ನಿಷೇಧವು ಸಡಿಲಗೊಂಡುದು 1971ರಲ್ಲಿ. ಅದರ ಮೇಲೆ ಹೊರಿಸಿದ್ದ ಮುಖ್ಯ ದೋಷಗಳು ಎರಡು: ಅದರ ಸ್ವರಸ್ಥಾನಗಳು ನಮ್ಮ ಶ್ರುತಿಗೆ ಹೊಂದುವುದಿಲ್ಲ, ಅದರಲ್ಲಿ ಗಮಕವು ಬರುವುದಿಲ್ಲ. ಅಷ್ಟು ವರ್ಷಗಳ ಬಹಿಷ್ಕಾರವು ನ್ಯಾಯವಾಗಿತ್ತೇ ಎಂಬುದು ಬೇರೆ ಮಾತು. ಹಾರ್ಮೋನಿಯಮ್ಮಿಲ್ಲದೆ ನಮ್ಮ ಕಂಪೆನಿ ನಾಟಕಗಳು ನಡೆಯುತ್ತಿರಲಿಲ್ಲ, ಅನೇಕ ಮಹನೀಯರು ಅದರಲ್ಲಿಯೇ ಅದ್ಭುತವನ್ನು ಸಾಧಿಸಿದರು. ಆದರೆ ಆ ಎರಡು ಆಕ್ಷೇಪಣೆಗಳೂ ಇಂದಿನ ನಾದಭಂಡಾರಕ್ಕೆ ಅಕ್ಷರಶಃ ಅನ್ವಯಿಸುತ್ತವೆ.

ಮೊದಲನೆಯದನ್ನು ನೋಡೋಣ. ಪಾಶ್ಚಾತ್ಯ ಕೀಬೋರ್ಡು ಸ್ಥಾಯಿಯನ್ನು ಹನ್ನೆರಡು ಸರಿಸಮ ಭಾಗಗಳಾಗಿ ಮಾಡುತ್ತದೆ. ಒಂದೊಂದು ಭಾಗವನ್ನೂ 100 ಸೆಂಟ್ ಎಂಬ ಅಳತೆಯಿಂದ ಎಣಿಸುತ್ತಾರೆ. ಷಡ್ಜದಿಂದ ಪಂಚಮವು ಕೀಬೋರ್ಡಿನಲ್ಲಿ 700 ಸೆಂಟ್. ತಂಬೂರಿಯ ಶುದ್ಧ ಪಂಚಮ 702. ಎರಡು ಸೆಂಟಿನ ಅಂತರವನ್ನು ಕಿವಿ ಕ್ಷಮಿಸುತ್ತದೆ. ಆದರೆ ಅಂತರ ಗಾಂಧಾರವು ಕೀಬೋರ್ಡಿನಲ್ಲಿ 400 ಸೆಂಟ್. ತಂಬೂರಿಯ ಷಡ್ಜದ ತಂತಿಯೊಳಗಿಂದಲೇ ಐದನೆಯ ಅಂಶಸ್ವರವಾಗಿ ಹೊಮ್ಮುವ ಗಾಂಧಾರವು 386. ಹದಿನಾಲ್ಕು ಸೆಂಟಿನ ಭೇದ ಸಣ್ಣದಲ್ಲ. ತಂಬೂರಿಯನ್ನು ಹಾಕಿಕೊಂಡು ಅದರ ಮೇಲೆ ಭಂಡಾರದ ಪಿಟೀಲಿನಲ್ಲಿ ಮೋಹನದ ಗಾಂಧಾರವನ್ನು ನಿಲ್ಲಿಸಿ ನೋಡಿ. ಒಂದು ಬಗೆಯ ನಡುಕ, ಒಂದು ಬಗೆಯ ಹುಳಿ ಕೇಳಿಸುವುದು. ಹಾಡುವ ಹುಡುಗಿ ತಂಬೂರಿಯನ್ನು ಅನುಸರಿಸಿದರೆ ಪಿಟೀಲಿಗೆ ವಿರೋಧ, ಪಿಟೀಲನ್ನು ಅನುಸರಿಸಿದರೆ ತಂಬೂರಿಗೆ ವಿರೋಧ. ಹೀಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಎಳೆಯ ಕಿವಿಯು ಎರಡನೆಯದನ್ನೇ ಸರಿಯೆಂದು ಭಾವಿಸುವ ಸಂಭವವುಂಟು. ನಮಗೆ ಇದರ ಚಿಂತೆಯೇ ಹಣದ ಚಿಂತೆಗಿಂತ ಹೆಚ್ಚಿನದು. ಆದುದರಿಂದ ವಾದ್ಯವನ್ನು ಆರಿಸುವಾಗ ಅದರ ಸ್ವರಸ್ಥಾನಗಳನ್ನು ತಿದ್ದುವುದಕ್ಕೆ ಅವಕಾಶವಿದೆಯೇ ಎಂದು ವಿಚಾರಿಸಬೇಕು. ಸ್ಕೇಲಾ ಎಂಬ ಕ್ರಮದಲ್ಲಿ ಬರೆದ ಸ್ವರಪಟ್ಟಿಯನ್ನು ಕೆಲವು ವಾದ್ಯಗಳು ಸ್ವೀಕರಿಸುತ್ತವೆ; ಉಚಿತವಾಗಿ ದೊರೆಯುವ ಸರ್ಜ್ ಎಕ್ಸ್‌ಟಿ ಎಂಬ ಸಿಂಥಸೈಜರಿನಲ್ಲಿ ಈ ಸೌಲಭ್ಯವಿದೆ. ಬೆಲೆ ಹೆಚ್ಚಾದ ಅನೇಕ ಭಂಡಾರಗಳಲ್ಲಿ ಇಲ್ಲ.

ಗಮಕದ ಮಾತು ಇನ್ನೂ ಕಠಿಣ. ಭಂಡಾರದಲ್ಲಿ ಇರುವುದು ನಿಂತ ಸ್ವರಗಳು. ನಮ್ಮ ಸಂಗೀತದ ಜೀವವಾದರೋ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿದೆ. ತೋಡಿಯ ಗಾಂಧಾರವನ್ನು ಒಂದೆಡೆ ನಿಲ್ಲಿಸಿದರೆ ಅದು ತೋಡಿಯಾಗಿ ಉಳಿಯುವುದಿಲ್ಲ. ಕೀಬೋರ್ಡಿನ ಎಡಗಡೆ ಇರುವ ಚಕ್ರವನ್ನು ತಿರುಗಿಸಿ ಸ್ವರವನ್ನು ಜಾರಿಸಬಹುದೆಂಬುದು ನಿಜ. ಸಾಮಾನ್ಯವಾಗಿ ಅದು ಎರಡು ಮನೆಯಷ್ಟು ಮಾತ್ರ ಜಾರುವಂತೆ ಇಟ್ಟಿರುತ್ತಾರೆ, ಅದನ್ನು ಹೆಚ್ಚಿಸಿಕೊಳ್ಳಲೂ ಬಹುದು. ಮೀಟಿದ ಬಳಿಕ ತಂತಿಯನ್ನೆಳೆಯುವ ವೀಣೆಯ ನಾದಕ್ಕೆ ಇದು ಒಂದು ಮಟ್ಟಿಗೆ ಒಪ್ಪುತ್ತದೆ. ಕೊಳಲಿಗೂ ನಾಗಸ್ವರಕ್ಕೂ ಒಪ್ಪುವುದು ಕಡಮೆ. ವಿದೇಶದ ಪಿಟೀಲು ಭಂಡಾರಗಳಲ್ಲಿ ಪ್ರತಿ ಸ್ವರದೊಳಗೂ ಆ ದೇಶದ ಕಂಪನವು ಮುದ್ರಿತವಾಗಿಯೇ ಬಂದಿರುತ್ತದೆ. ಅದನ್ನು ನಮ್ಮ ರಾಗಕ್ಕೆ ಹಚ್ಚುವುದೆಂದರೆ ಕೋಟಿನ ಮೇಲೆ ಉತ್ತರೀಯವನ್ನು ಹೊದೆದಂತೆ. ಕಂಪನವಿಲ್ಲದ ಮುದ್ರಿಕೆಯೂ ಜೊತೆಗಿದೆಯೇ ಎಂದು ಕೊಳ್ಳುವ ಮೊದಲು ನೋಡುವುದು ಲೇಸು.

ಹಾಗಾದರೆ ನಾದಭಂಡಾರವೇ ಬೇಡವೇ? ಹಾಗೆ ನಾವು ಹೇಳುವವರಲ್ಲ. ಹಾಡಿನಲ್ಲಿ ವಾದ್ಯಕ್ಕೆ ಮೂರು ಸ್ಥಾನಗಳುಂಟು: ಹಿನ್ನೆಲೆಯ ಆಧಾರ, ತಾಳದ ನಡೆ, ಮುಂದಣ ಗಾನ. ಆಧಾರಕ್ಕೆ ಯಂತ್ರವು ಧಾರಾಳವಾಗಿ ಸಾಕು. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು, ಕೊಳಲುವಾದಕರೂ ಇಂಜಿನಿಯರರೂ ಆಗಿದ್ದುದರಿಂದ, ವಿದ್ಯುತ್ ತಂಬೂರಿಯನ್ನು ನಿರ್ಮಿಸಿ ಕಛೇರಿಗಳಿಗೆ ಒದಗಿಸಿದರು. ಇಂದು ಅದಿಲ್ಲದ ವೇದಿಕೆ ವಿರಳ, ನಮ್ಮ ಯಕ್ಷಗಾನದ ರಂಗಸ್ಥಳದಲ್ಲಿಯೂ ವಿದ್ಯುತ್ ಶ್ರುತಿಪೆಟ್ಟಿಗೆ ಬಂದು ಕುಳಿತಿದೆ. ತಾಳಕ್ಕೆ ಯಂತ್ರವು ಅರ್ಧದಷ್ಟು ಸಾಕು. ಮುಂದಣ ಗಾನಕ್ಕೆ ಮಾತ್ರ ಮನುಷ್ಯನೇ ಬೇಕು: ಹಾಡುವ ಗಂಟಲು ಇಲ್ಲವೆ ಒಂದೇ ಒಂದು ನಿಜವಾದ ಕೊಳಲು. ಹಿಂದೆ ಎಷ್ಟೇ ಯಂತ್ರಗಳಿರಲಿ, ಮುಂದೆ ಒಂದು ಜೀವಂತ ನಾದವಿದ್ದರೆ ಕೇಳುವವರ ಕಿವಿ ಉಳಿದುದನ್ನೆಲ್ಲ ನಂಬುತ್ತದೆ. ಇದನ್ನು ನಾವು ಅನುಭವದಿಂದ ಹೇಳುತ್ತಿದ್ದೇವೆ.

ಈ ದೃಷ್ಟಿಯಿಂದ ನೋಡಿದರೆ ಮೊದಲ ವರ್ಷಕ್ಕೆ ಬೇಕಾದ ಸಾಮಗ್ರಿ ಬಹಳ ಸ್ವಲ್ಪ. ವಾದ್ಯಗಳನ್ನು ಕೂಡಿಸಿ ಮುದ್ರಿಸುವುದಕ್ಕೆ ಒಂದು ಸಾಫ್ಟ್‌ವೇರು ಬೇಕು; ರೀಪರ್ ಎಂಬುದನ್ನು 60 ದಿನ ಪರೀಕ್ಷಿಸಿ ನೋಡಿ ಕೊಳ್ಳಬಹುದು, ಅದು ಸಣ್ಣ ಯಂತ್ರಗಳಲ್ಲಿಯೂ ನಡೆಯುತ್ತದೆ; ಎಲ್‌ಎಂಎಂಎಸ್ ಪೂರ್ಣ ಉಚಿತ. ಮೇಲೆ ಹೇಳಿದ ಸಲಮಾಂಡರ್ ಪಿಯಾನೊ ಒಂದು. ವಾದ್ಯವೃಂದಕ್ಕೆ ವರ್ಸಿಲಿಯನ್ ಸ್ಟುಡಿಯೋಸ್‌ನವರ ವಿ.ಎಸ್.ಸಿ.ಒ. 2 ಸಮುದಾಯ ಆವೃತ್ತಿ ಎಂಬ ಪುಟ್ಟ ಭಂಡಾರ. ಅದನ್ನು ಯಾವ ಕಟ್ಟುಪಾಡೂ ಇಲ್ಲದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದಾರೆ. ಇವುಗಳನ್ನು ನುಡಿಸಲು ಸ್ಫೋರ್ಟ್ಸಾಂಡೊ ಎಂಬ ಉಚಿತ ವಾದ್ಯ. ಸಿಂಥಸೈಜರಿಗೆ ಸರ್ಜ್ ಎಕ್ಸ್‌ಟಿ. ಇವೆಲ್ಲಕ್ಕೂ ರೀಪರಿನ ಬೆಲೆಯನ್ನುಳಿದು ಒಂದು ಕಾಸೂ ಖರ್ಚಿಲ್ಲ. ಹಣವಿದ್ದರೆ ಅದನ್ನು ಒತ್ತಡಕ್ಕೆ ತಕ್ಕಂತೆ ಸ್ಪಂದಿಸುವ ಒಂದು ಸಣ್ಣ ಮಿಡಿ ಕೀಬೋರ್ಡಿಗೂ, ಒಳ್ಳೆಯ ಹೆಡ್‌ಫೋನಿಗೂ, ಒಂದು ಮೈಕಿಗೂ ವೆಚ್ಚಮಾಡಲಿ. ಮನೆಯನ್ನೊತ್ತಿದ ಮೇಲೆ ಸ್ವರವು ತಡವಾಗಿ ಬರುತ್ತಿದ್ದರೆ ವಾದ್ಯವನ್ನು ದೂರುವ ಮುನ್ನ ಬಫರಿನ ಅಳತೆಯನ್ನು ನೋಡಬೇಕು: ಸೆಕೆಂಡಿಗೆ 44,100 ಮಾದರಿಗಳ ವೇಗದಲ್ಲಿ 1,024 ಎಂದಿದ್ದರೆ 23 ಮಿಲಿಸೆಕೆಂಡು ತಡ, 128 ಎಂದಿದ್ದರೆ ಮೂರೇ ಮಿಲಿಸೆಕೆಂಡು.

ಈ ನಾಲ್ಕೈದು ವಾದ್ಯಗಳಲ್ಲಿಯೇ ಮೂರು ಹಾಡುಗಳನ್ನು ಪೂರ್ತಿಯಾಗಿ ಮುಗಿಸಿದ ಮೇಲೆ, ಯಾವ ಕೊರತೆಯು ಕಾಡುತ್ತಿದೆಯೋ ಅದೊಂದನ್ನು ಕೊಳ್ಳುವುದು. ಪಾಶ್ಚಾತ್ಯ ಸಂಸ್ಥೆಗಳು ನವೆಂಬರ್ ತಿಂಗಳ ಕೊನೆಯಲ್ಲಿ ಬೆಲೆಯನ್ನು ಬಹಳವಾಗಿ ಇಳಿಸುವುದುಂಟು. ಅಲ್ಲಿಯವರೆಗೆ ಕಾಯುವುದರಲ್ಲಿ ನಷ್ಟವಿಲ್ಲ. ಕೊಂಡಾಗ ನಮಗೆ ದೊರೆಯುವುದು ಬಳಸುವ ಹಕ್ಕು ಮಾತ್ರ, ಒಡೆತನವಲ್ಲ. ಹಾಡಿನಲ್ಲಿ ಬಳಸಬಹುದು, ಸ್ವರಗಳ ಕಡತಗಳನ್ನು ಸ್ನೇಹಿತನಿಗೆ ಕೊಡುವಂತಿಲ್ಲ. ಶಾಲೆಯ ಪರವಾಗಿ ಕೊಂಡರೆ ಶಾಲೆಯ ಹೆಸರಿನ ಮಿಂಚಂಚೆಯಲ್ಲಿಯೇ ನೋಂದಾಯಿಸಬೇಕು. ಅಧ್ಯಾಪಕರ ಸ್ವಂತ ವಿಳಾಸದಲ್ಲಿ ನೋಂದಾಯಿಸಿದರೆ ಅವರು ವರ್ಗವಾಗಿ ಹೋದಾಗ ಭಂಡಾರದ ಬೀಗದ ಕೈಯೂ ಅವರೊಡನೆ ಹೋಗುವುದು. ಕದ್ದ ಪ್ರತಿಗಳು ಬೇಕಾದಷ್ಟು ಸಿಗುತ್ತವೆಂದು ಮಕ್ಕಳೇ ನಮಗೆ ಹೇಳಿದ್ದಾರೆ. ಅವುಗಳೊಡನೆ ವೈರಸ್ಸೂ ಬರುವುದೆಂಬುದು ಒಂದು ಕಾರಣ. ಉಚಿತವಾಗಿ ಕೊಟ್ಟವರೇ ಇಷ್ಟು ಮಂದಿ ಇರುವಾಗ ಕದಿಯುವ ದಾರಿದ್ರ್ಯ ನಮಗೇಕೆ ಎಂಬುದು ಇನ್ನೊಂದು.

ಕೊಳ್ಳಲು ಸುಲಭವಾಗಿ ಸಿಗದ ವಾದ್ಯಗಳೂ ಉಂಟು. ನಮ್ಮ ಕಾಸರಗೋಡಿನ ತೆಂಕುತಿಟ್ಟಿನ ಚೆಂಡೆಯು ಕೇರಳದ ಚೆಂಡೆಯದೇ ಬಳಗದ್ದಾದರೂ, ಅಲ್ಲಿಯ ಮೇಳಕ್ಕೆಂದು ನುಡಿಸಿ ಮುದ್ರಿಸಿದ ಪೆಟ್ಟುಗಳನ್ನು ಭಾಗವತರ ಪದ್ಯಕ್ಕೆ ಹಾಗೆಯೇ ಜೋಡಿಸಿದರೆ ಹೊಂದುವುದಿಲ್ಲ. ಮದ್ದಳೆಯ ಬದಲಿಗೆ ಮೃದಂಗದ ಭಂಡಾರವನ್ನು ಬಳಸಿದವರನ್ನು ನಾವು ಕಂಡಿದ್ದೇವೆ. ಹಾಡು ಬೇರೆಯೇ ಊರಿನದಾಯಿತು. ಇಂಥಲ್ಲಿ ತಾವೇ ಭಂಡಾರವನ್ನು ಕಟ್ಟುವುದು ಅಸಾಧ್ಯವೇನಲ್ಲ. ತ, ದಿ, ತೋಂ, ನಂ ಎಂಬ ನಾಲ್ಕು ಮೂಲಾಕ್ಷರಗಳು. ಪ್ರತಿಯೊಂದನ್ನೂ ನಾಲ್ಕು ಬಲದ ಹಂತಗಳಲ್ಲಿ, ಹಂತಕ್ಕೆ ಐದು ಸಲ ನುಡಿಸಿದರೆ 80 ಪೆಟ್ಟುಗಳು. ಒಂದೊಂದಕ್ಕೆ ಎರಡು ಸೆಕೆಂಡಿನಂತೆ, ಸೆಕೆಂಡಿಗೆ 44,100 ಮಾದರಿಗಳ 16 ಬಿಟ್ಟಿನ ಮುದ್ರಿಕೆಯಲ್ಲಿ, ಎಲ್ಲ ಸೇರಿ 28 ಮೆಗಾಬೈಟು! ಬಿಡಿಬಿಡಿಯಾಗಿ ಕತ್ತರಿಸಿ, ಎಸ್.ಎಫ್.ಝಡ್. ಎಂಬ ಸಾದಾ ಅಕ್ಷರದ ಕಡತದಲ್ಲಿ ಯಾವ ಮನೆಗೆ ಯಾವ ಪೆಟ್ಟು, ಎಷ್ಟು ಬಲದಿಂದ ಎಷ್ಟು ಬಲದವರೆಗೆ, ಯಾವುದರ ಸರತಿ ಯಾವಾಗ ಎಂದು ಬರೆದರೆ ಸ್ಫೋರ್ಟ್ಸಾಂಡೊ ಅದನ್ನು ವಾದ್ಯವಾಗಿ ನುಡಿಸುತ್ತದೆ. ಎಂಟನೆಯ ತರಗತಿಯ ಮಗುವೂ ಒಂದು ವಾರದಲ್ಲಿ ಕಲಿಯಬಹುದಾದ ಕೆಲಸವಿದು.

ನುಡಿಸಿಕೊಡುವ ಮದ್ದಳೆಗಾರರಿಗೆ ಇದು ಏತಕ್ಕೆಂದು ಮೊದಲೇ ಬಿಡಿಸಿ ಹೇಳಿ ಒಪ್ಪಿಗೆ ಪಡೆಯಬೇಕು, ಸಂಭಾವನೆಯನ್ನೂ ಕೊಡಬೇಕು. “ಇನ್ನು ಮೇಲೆ ನನ್ನನ್ನು ಕರೆಯುವ ಅಗತ್ಯ ನಿಮಗಿಲ್ಲವೋ?” ಎಂದು ಹಿರಿಯ ಕಲಾವಿದರೊಬ್ಬರು ನಮ್ಮನ್ನು ಕೇಳಿದ್ದರು. ಅಭ್ಯಾಸಕ್ಕೂ ಹಾಡು ಕಟ್ಟುವಾಗಿನ ಕರಡಿಗೂ ಮಾತ್ರ ಈ ಪೆಟ್ಟುಗಳು, ವೇದಿಕೆಗೆ ತಾವೇ ಬರಬೇಕು ಎಂದು ನಾವು ಮಾತು ಕೊಟ್ಟೆವು. ಆ ಮಾತನ್ನು ಕರಾರಿನ ಕಾಗದದಲ್ಲಿಯೂ ಬರೆದೆವು. ಅವರು ಆಮೇಲೆ ನಗುತ್ತ ಐದು ಸಲದ ಬದಲು ಎಂಟು ಸಲ ನುಡಿಸಿಕೊಟ್ಟರು.

ಮುದ್ರಿಸುವ ಕಾಲದ ವಿಷಯವಾಗಿ ಒಂದು ಮಾತು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ಹಂಚಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದು ಒಂದೊಂದು ಪೆಟ್ಟಿನ ಬಾಲದಲ್ಲಿಯೂ ಸೇರಿಕೊಳ್ಳುವುದು; ತೇವಕ್ಕೆ ಚರ್ಮ ಸಡಿಲಿ, ಮೊದಲನೆಯ ಪೆಟ್ಟಿಗೂ ಎಂಬತ್ತನೆಯದಕ್ಕೂ ಶ್ರುತಿಯಲ್ಲಿ ವ್ಯತ್ಯಾಸ ಬರುವುದು. ಧನುರ್ಮಾಸದ ಬೆಳಗಿನ ಜಾವ, ಶಾಲೆಯ ಗಂಟೆ ಬಾರಿಸುವ ಮೊದಲು, ಫ್ಯಾನನ್ನು ನಿಲ್ಲಿಸಿ, ಬೆಂಚುಗಳ ಮೇಲೆ ಕಂಬಳಿಗಳನ್ನು ಹಾಸಿ ಕುಳಿತುಕೊಂಡರೆ, ಎಂಟು ಗಂಟೆಯೊಳಗೆ ಮುಗಿಯುವುದು. ಹತ್ತು ಹತ್ತು ಪೆಟ್ಟಿಗೊಮ್ಮೆ ಶ್ರುತಿಪೆಟ್ಟಿಗೆಯೊಡನೆ ಮದ್ದಳೆಯನ್ನು ಸರಿನೋಡುತ್ತಿರಬೇಕು. ಯಾವ ಶ್ರುತಿಯಲ್ಲಿ ಮುದ್ರಿಸಿದ್ದೆಂಬುದನ್ನು ಕಡತದ ಹೆಸರಿನಲ್ಲಿಯೇ ಬರೆದಿಡಬೇಕು, ಏಕೆಂದರೆ ಕಪ್ಪು ಎರಡಕ್ಕೆ ಕೂಡಿಸಿದ ಮದ್ದಳೆಯು ಕಪ್ಪು ನಾಲ್ಕರಲ್ಲಿ ಹಾಡುವ ಹುಡುಗಿಯರಿಗೆ ಒದಗುವುದಿಲ್ಲ. ಅವರಿಗಾಗಿ ಇನ್ನೊಂದು ಬೆಳಗ್ಗೆ ಬೇಗ ಏಳಬೇಕಾಗುವುದು.